ವಾರಗಿತ್ತಿಯ ಹೊಳೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ವಾರಗಿತ್ತಿ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಗಂಡನ ಹತ್ತಿರ ದೂರಬಹುದಿತ್ತು, ತವರಿಗೆ ಫೋನ್ ಮಾಡಿ ಉಪ್ಪು ಖಾರ ಹಚ್ಚಿ ಹೇಳಬಹುದಿತ್ತು, ಮನಸ್ಸು ಹಗುರವಾಗುತ್ತಿತ್ತು. ಅವಳು ಅದಕ್ಕೂ ಅವಕಾಶ ಕೊಡಲಿಲ್ಲ. ಎದುರು ಮನೆಯಲ್ಲೇ ಇದ್ದುಕೊಂಡು, ಬಾಗಿಲು ತೆರೆದಾಗಲೆಲ್ಲ "ಅಕ್ಕಾ" ಎಂದು ಬಾಯಿ ತುಂಬ ನಗುತ್ತಿದ್ದಳು.

ನಾವಿರುವುದು ಒಂದೇ ಕಟ್ಟಡದ ಒಂದೇ ಮಹಡಿಯಲ್ಲಿ. ಈ ಕಡೆ ನಾನು, ನನ್ನ ಗಂಡ, ಅತ್ತೆ. ಆ ಕಡೆ ನನ್ನ ಮೈದುನ ಮತ್ತು ಅವನ ಹೆಂಡತಿ. ಅತ್ತೆಗೆ ನಾನು ದೊಡ್ಡವಳು, ಅವಳು ಚಿಕ್ಕವಳು. ಸೊಸೆಯರನ್ನು ಹೆಸರು ಹಿಡಿದು ಕರೆಯುವ ಅಭ್ಯಾಸ ಅತ್ತೆಗಿಲ್ಲ. ಬರಬರುತ್ತಾ ನನ್ನ ಬಾಯಲ್ಲೂ ಅವಳು ಚಿಕ್ಕವಳೇ ಆದಳು.

ನಾನು ನದಿ ಕಣಿವೆ ಮಂಡಳಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಹೊಳೆಗೆ ಇರುವುದು ಒಂದೇ ಅಣೆಕಟ್ಟು, ಅದರ ಮುಂದೆ ಕೈಚಾಚಿ ನಿಂತವರು ಮೂವರು. ಊರಿಗೆ ಕುಡಿಯಲು ಬೇಕು, ನಾಲೆಯವರಿಗೆ ಬೆಳೆಗೆ ಬೇಕು, ಪವರ್‌ಹೌಸಿನವರಿಗೆ ಕರೆಂಟಿಗೆ ಬೇಕು. ಮಳೆ ಚೆನ್ನಾಗಿ ಬಂದ ವರ್ಷ ಮೂವರೂ ಒಬ್ಬರಿಗೊಬ್ಬರು ಬೇಕಾದವರು. ಮಳೆ ಕೈಕೊಟ್ಟ ವರ್ಷ ಒಬ್ಬರ ಮುಖ ಇನ್ನೊಬ್ಬರಿಗಾಗುವುದಿಲ್ಲ. ಯಾವ ದಿನ ಯಾವ ಗೇಟು ಎಷ್ಟು ಎತ್ತಬೇಕು, ಎತ್ತಿದರೆ ಮುಂದೆ ಯಾರಿಗೆ ಎಷ್ಟು ಕೊರತೆ ಬೀಳುತ್ತದೆ ಎಂದು ಕಂಪ್ಯೂಟರಿನಲ್ಲಿ ಹೊಳೆಯನ್ನು ಮೊದಲೇ ಹರಿಸಿ ನೋಡುವುದು ನನ್ನ ಕೆಲಸ. ಅದಕ್ಕೆಂದೇ ಒಂದು ಮಾಡೆಲ್ ಬರೆದಿದ್ದೇನೆ. ಬರೆದು, ಒಡೆದು, ಮತ್ತೆ ಬರೆದು, ಹದಿನೈದು ವರ್ಷ ಅದರ ಜೊತೆ ಬಾಳಿದ್ದೇನೆ.

ಆಫೀಸಿನಲ್ಲಿ ಅದನ್ನು "ಮುದುಕಿ" ಎನ್ನುತ್ತಾರೆ. ನಿಧಾನ, ಗೊಣಗಾಟ ಜಾಸ್ತಿ, ಆದರೂ ಮನೆ ನಡೆಸುವುದು ಅವಳೇ. ನನ್ನ ಮುದುಕಿಗೆ ನಾಳೆಯ ವಿಚಾರ ಗೊತ್ತಿಲ್ಲ. ಇವತ್ತು ಜಲಾಶಯದಲ್ಲಿ ಎಷ್ಟಿದೆ, ಇವತ್ತಿನ ಒಳಹರಿವು ಎಷ್ಟು, ಇಷ್ಟನ್ನೇ ನೋಡುತ್ತಾಳೆ. ನಾನು ಹೇಳಿಕೊಟ್ಟ ನಿಯಮದಂತೆ ಮೊದಲು ಊರಿಗೆ, ಆಮೇಲೆ ನಾಲೆಗೆ, ಮಿಕ್ಕಿದರೆ ಪವರ್‌ಹೌಸಿಗೆ ಎಂದು ಹಂಚಿ, ನಾಳೆಗೆ ಕಾಲಿಡುತ್ತಾಳೆ. ಹಂಗಾಮಿನ ಕೊನೆಗೆ ಒಬ್ಬರಿಗಲ್ಲ ಒಬ್ಬರಿಗೆ ಕೊರತೆ ತೋರಿಸಿಯೇ ತೋರಿಸುತ್ತಾಳೆ. ಹಾಗಾಗಿ ಸಭೆಗಳಲ್ಲಿ ಮುದುಕಿಯ ಮೇಲೆ ಯಾರಿಗೂ ಪ್ರೀತಿಯಿಲ್ಲ, ನಂಬಿಕೆ ಮಾತ್ರ ಇದೆ.

ಚಿಕ್ಕವಳನ್ನು ಈ ಕೆಲಸಕ್ಕೆ ಕರೆತಂದದ್ದು ನಾನೇ. ಯಾರ ಮೇಲೂ ತಪ್ಪು ಹೊರಿಸುವ ಹಾಗಿಲ್ಲ. ಮದುವೆಯಾಗಿ ಬಂದಾಗ ಅವಳಿಗೆ ಕೆಲಸವಿರಲಿಲ್ಲ, ಓದಿದ್ದು ನಾನು ಓದಿದ ವಿಷಯವನ್ನೇ. ಆಫೀಸಿನಲ್ಲಿ ಒಂದು ಜಾಗ ಖಾಲಿಯಾದಾಗ ನಮ್ಮ ನಿರ್ದೇಶಕರ ಕೋಣೆಗೆ ಹೋಗಿ, "ನಮ್ಮ ಮನೇಲೇ ಒಬ್ಳಿದ್ದಾಳೆ ಸರ್, ಚುರುಕು ಹುಡುಗಿ" ಎಂದೆ. ನಿರ್ದೇಶಕರಿಗೆ ಯಾರು ಏನು ಹೇಳಿದರೂ "ಸರಿ ಸರಿ" ಎನ್ನುವ ಅಭ್ಯಾಸ. ನಾವು ಅವರನ್ನು ಹಿಂದಿನಿಂದ ಸರಿಸರಿ ಸಾಹೇಬರು ಎಂದೇ ಕರೆಯುವುದು. ಅವತ್ತೂ "ಸರಿ ಸರಿ" ಎಂದರು. ಅವಳು ಬಂದಳು. ನನ್ನ ಎದುರಿನ ಮೇಜೇ ಸಿಕ್ಕಿತು.

ಮೊದಲ ಕೆಲವು ತಿಂಗಳು ನನಗೆ ಹೆಮ್ಮೆಯೇ ಇತ್ತು. ಕ್ಯಾಂಟೀನಿನಲ್ಲಿ "ನಿಮ್ಮ ತಂಗೀನಾ?" ಎಂದು ಕೇಳಿದವರಿಗೆ "ವಾರಗಿತ್ತಿ" ಎಂದು ಹೇಳಿ ಅವರು ಹುಬ್ಬೇರಿಸುವುದನ್ನು ನೋಡಿ ಖುಷಿಪಡುತ್ತಿದ್ದೆ. ಆಮೇಲೆ ಒಂದು ದಿನ ಸರಿಸರಿ ಸಾಹೇಬರು ನಮ್ಮ ಕೋಣೆಗೆ ಬಂದರು. ಹದಿನೈದು ವರ್ಷದಲ್ಲಿ ಅವರು ಆ ಹೊಸ್ತಿಲು ದಾಟಿದ್ದನ್ನು ನಾನು ಕಂಡಿರಲಿಲ್ಲ, ಏನಿದ್ದರೂ ನಾನೇ ಕಾಗದ ಹಿಡಿದುಕೊಂಡು ಮೇಲಿನ ಮಹಡಿ ಹತ್ತಬೇಕಿತ್ತು. ಬಂದವರು ಅವಳ ಕುರ್ಚಿಯ ಹಿಂದೆ ಕೈಕಟ್ಟಿ ನಿಂತು ಪರದೆ ನೋಡತೊಡಗಿದರು. ಅವಳು ತನ್ನದೇ ಒಂದು ಮಾಡೆಲ್ ಬರೆದಿದ್ದಳು. ಗುಂಡಿ ಒತ್ತಿದರೆ ಹೊಳೆ ನೀಲಿಯಾಗಿ ಹರಿಯುತ್ತದೆ, ನಾಲೆಗಳು ಹಸಿರಾಗುತ್ತವೆ, ಊರಿನ ಮೇಲೆ ಪುಟ್ಟ ನಲ್ಲಿಯೊಂದು ತೊಟ್ಟಿಕ್ಕುತ್ತದೆ. ನಾನು ಟೀ ಕುಡಿದು ಮುಗಿಸುವಷ್ಟರಲ್ಲಿ ಇಡೀ ಹಂಗಾಮು ಓಡಿ ಮುಗಿಯುತ್ತದೆ. ನನ್ನ ಮುದುಕಿ ಅಷ್ಟು ಹೊತ್ತಿಗೆ ಇನ್ನೂ ಎದ್ದು ಸೆರಗು ಸರಿಮಾಡಿಕೊಳ್ಳುತ್ತಿರುತ್ತಾಳೆ.

"ಮೇಡಂ, ನೀವೂ ಯಾಕೆ ಬಣ್ಣ ಹಾಕಬಾರದು?" ಎಂದು ಸಾಹೇಬರು ಹೋಗುವಾಗ ನನ್ನನ್ನು ಕೇಳಿದರು. ನನ್ನ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಂಡದ್ದು ಆಗಲೇ.

ಹೊತ್ತಿಕೊಂಡ ಮೇಲೆ ಅದಕ್ಕೆ ಸೌದೆಗೇನೂ ಬರವಿರಲಿಲ್ಲ. ನಾಲೆ ಸಂಘದ ಅಧ್ಯಕ್ಷೆಯೊಬ್ಬರಿದ್ದಾರೆ, ದಪ್ಪ ದನಿಯ ಹೆಂಗಸು, ಎಲ್ಲರೂ ನಾಲೆಯಮ್ಮ ಎನ್ನುತ್ತಾರೆ. ನನ್ನನ್ನು ಇಷ್ಟು ವರ್ಷವೂ "ಮೇಡಂ" ಎಂದೇ ಕರೆದವರು, ಚಿಕ್ಕವಳನ್ನು ಎರಡನೇ ಭೇಟಿಗೇ "ಮಗಳೇ" ಎಂದರು. ಮನೆಯಲ್ಲಿ ಒಂದು ಸಂಜೆ ಅತ್ತೆ ಸೋಫಾದಲ್ಲಿ ಕಾಲು ನೀಡಿಕೊಂಡು, "ಚಿಕ್ಕವಳು ಇವತ್ತು ನಿಮ್ಮ ಆಫೀಸಿನ ಕೆಲಸ ಏನು ಅಂತ ಹೇಳಿದ್ಳು. ಎಷ್ಟು ಚೆನ್ನಾಗಿ ಅರ್ಥ ಆಯ್ತು ಗೊತ್ತಾ! ನೀನು ಇಷ್ಟು ವರ್ಷದಲ್ಲಿ ಒಂದಿನಾನೂ ಹೇಳ್ಲಿಲ್ಲ ನೋಡು" ಎಂದರು.

"ನೀವು ಒಂದಿನಾನೂ ಕೇಳ್ಲಿಲ್ಲ ಅತ್ತೆ" ಎಂದೆ.

"ಅವಳನ್ನೂ ನಾನೇನು ಕೇಳ್ಲಿಲ್ಲಪ್ಪ" ಎಂದರು ಅತ್ತೆ.

ನನ್ನ ಗಂಡ ಪೇಪರಿನ ಹಿಂದೆ ನಕ್ಕಿದ್ದು ನನಗೆ ಕೇಳಿಸಿತು. ಆ ವಾರವಿಡೀ ಅವರಿಗೆ ಟೀ ಆರಿದ ಮೇಲೆಯೇ ಸಿಕ್ಕಿತು. ಅವರಿಗೆ ಕಾರಣ ಹೊಳೆಯಲೂ ಇಲ್ಲ. ಅದು ಇನ್ನೂ ಉರಿಸಿತು.

ಆ ವರ್ಷ ಮಳೆ ಅರ್ಧಕ್ಕೇ ನಿಂತಿತು. ಬೇಸಿಗೆಗೆ ಹಂಚಿಕೆ ಹೇಗೆ ಎಂದು ಮೂರೂ ಕಡೆಯವರಿಗೆ ಚಿಂತೆ ಹತ್ತಿತು. ಸರಿಸರಿ ಸಾಹೇಬರು ಒಂದು ನೋಟೀಸು ಹೊರಡಿಸಿದರು: ಸೋಮವಾರ ಸಭೆ. ಎರಡೂ ಮಾಡೆಲ್‌ಗಳನ್ನು ಎಲ್ಲರ ಮುಂದೆ ಓಡಿಸಿ ತೋರಿಸಬೇಕು. ಮೂವರೂ ಯಾವುದನ್ನು ಒಪ್ಪುತ್ತಾರೋ ಅದು ಹೇಳಿದಂತೆಯೇ ಈ ಬೇಸಿಗೆ ಗೇಟು ಎತ್ತುವುದು, ಇಳಿಸುವುದು. ಒಪ್ಪಿದವರು ಅಲ್ಲೇ ಸಹಿ ಹಾಕಬೇಕು. ಇನ್ನೊಂದು ಮಾಡೆಲ್ ಏನಾಗುತ್ತದೆ ಎಂದು ನೋಟೀಸಿನಲ್ಲಿ ಬರೆದಿರಲಿಲ್ಲ. ಬರೆಯಬೇಕಾಗಿಯೂ ಇರಲಿಲ್ಲ. ಗೇಟು ನಡೆಸದ ಮಾಡೆಲನ್ನು ಆಮೇಲೆ ಯಾರೂ ತೆರೆದು ನೋಡುವುದಿಲ್ಲ. ಅದರ ಜೊತೆ ಅದನ್ನು ಬರೆದವಳೂ ಮೂಲೆಗೆ.

ಸಭೆಯ ಹಿಂದಿನ ವಾರ ಒಂದು ಸಂಜೆ ನಾನು ಅಡುಗೆಮನೆಯಲ್ಲಿ ಕ್ಯಾರೆಟ್ ಹೆಚ್ಚುತ್ತಿದ್ದೆ. ಚಿಕ್ಕವಳು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಒಳಗೆ ಬಂದಳು. ಬಂದವಳು ಸುಮ್ಮನೆ ನಿಲ್ಲುವ ಜಾತಿಯಲ್ಲ, ಎರಡು ಚೂರು ಬಾಯಿಗೆ ಹಾಕಿಕೊಂಡಳು.

"ಅಕ್ಕಾ, ಒಂದು ಉಪಕಾರ ಮಾಡ್ತೀರಾ?"

"ಏನು?"

"ನನ್ನ ಮಾಡೆಲ್ ಒಂದ್ಸಲ ನೋಡಿಕೊಡಿ. ಎಲ್ಲಾ ಇದ್ರಲ್ಲಿ ಹಾಕಿದೀನಿ" ಎಂದು ಒಂದು ಪೆನ್‌ಡ್ರೈವ್ ಕಟ್ಟೆಯ ಮೇಲಿಟ್ಟಳು. "ಸೋಮವಾರ ಅಂದ್ರೆ ಕೈಕಾಲು ನಡುಗ್ತಿದೆ. ನಿಮ್ಮ ಕಣ್ಣಿಗೆ ಬಿದ್ರೆ ನಂಗೆ ಧೈರ್ಯ."

"ಸ್ಪರ್ಧೆ ನನ್ನ ಜೊತೆನೇ ಅಲ್ವೇನೆ? ನನ್ನ ಹತ್ರಾನೇ ತಂದಿದೀಯಲ್ಲ."

ಅವಳು ಜೋರಾಗಿ ನಕ್ಕಳು. "ಹೋಗಿ ಅಕ್ಕ, ನಿಮ್ಮ ಜೊತೆ ನಂಗೇನು ಸ್ಪರ್ಧೆ!" ಎಂದು ಇನ್ನೊಂದು ಚೂರು ಬಾಯಿಗೆ ಹಾಕಿಕೊಂಡು ಹೊರಟುಹೋದಳು.

ಆ ಮಾತನ್ನು ನಾನು ಎರಡು ರೀತಿಯಲ್ಲಿ ತೆಗೆದುಕೊಳ್ಳಬಹುದಿತ್ತು. ನೀವು ಅಷ್ಟು ದೊಡ್ಡವರು ಎಂದೂ ಆಗಬಹುದು, ನೀವು ನನಗೆ ಯಾವ ಲೆಕ್ಕ ಎಂದೂ ಆಗಬಹುದು. ಅವತ್ತಿನ ನನ್ನ ಮನಸ್ಸಿಗೆ ಎರಡನೆಯದೇ ಸರಿಹೋಯಿತು.

ಮರುದಿನ ಆಫೀಸಿನಲ್ಲಿ ಅವಳು ಪವರ್‌ಹೌಸಿಗೆ ಭೇಟಿ ಕೊಡಲು ಹೋಗಿದ್ದಾಗ ನಾನು ಬಾಗಿಲು ಮುಂದೆ ಮಾಡಿಕೊಂಡು ಅವಳ ಮಾಡೆಲ್ ತೆರೆದೆ. ತಪ್ಪು ಸಿಗಲಿ ಎಂದೇ ತೆರೆದೆ, ಸುಳ್ಳು ಯಾಕೆ ಹೇಳಲಿ. ಸಾಲು ಸಾಲಾಗಿ ಓದುತ್ತಾ ಹೋದೆ. ಓದಿದಷ್ಟೂ ಹೊಟ್ಟೆ ಉರಿಯಿತು, ಯಾಕೆಂದರೆ ಚೆನ್ನಾಗಿತ್ತು. ನಾನು ಪುಟಗಟ್ಟಲೆ ಬರೆದು ಸಾಧಿಸಿದ್ದನ್ನು ಅವಳು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಾಲ್ಕು ಸಾಲಿನಲ್ಲಿ ಮುಗಿಸಿದ್ದಳು. ಒಂದು ಕಡೆ ನಾಲೆಯಿಂದ ಹೊಳೆಗೆ ಬಸಿದು ಬರುವ ನೀರಿನ ಲೆಕ್ಕವನ್ನು ಎಷ್ಟು ಚಂದವಾಗಿ ಮಾಡಿದ್ದಳೆಂದರೆ ನನಗೆ ಎದ್ದು ಒಂದು ಸುತ್ತು ನಡೆದು ಬರಬೇಕಾಯಿತು. ಆ ಲೆಕ್ಕ ನನ್ನ ಮುದುಕಿಯಲ್ಲಿ ಇವತ್ತಿಗೂ ಅಂದಾಜಿನ ಮೇಲೆಯೇ ನಡೆಯುತ್ತಿದೆ.

ಆಮೇಲೆ ಫಲಿತಾಂಶ ನೋಡಿದೆ. ಹಿಂದಿನ ಮೂವತ್ತು ವರ್ಷಗಳ ಹೊಳೆಯ ಮೇಲೆ ಅವಳು ತನ್ನ ಮಾಡೆಲ್ ಓಡಿಸಿದ್ದಳು. ಯಾವ ವರ್ಷವೂ ಊರಿಗೆ ಕೊರತೆಯಿಲ್ಲ. ನಾಲೆಯ ಕೊನೆಯ ಗದ್ದೆಗೂ ನೀರು. ಪವರ್‌ಹೌಸಿಗೆ ನಷ್ಟ ಇಲ್ಲವೆನ್ನುವಷ್ಟು. ಬರ ಬಿದ್ದ ವರ್ಷಗಳಲ್ಲೂ ಮೂವರೂ ಹೊಟ್ಟೆ ತುಂಬಿಕೊಂಡು ಎದ್ದಿದ್ದರು. ಒಂದು ಹೊಳೆಗೆ ಇಷ್ಟು ಒಳ್ಳೆಯ ಬುದ್ಧಿ ಬರಲು ಸಾಧ್ಯವೇ ಎಂದು ಆ ಬರದ ವರ್ಷಗಳಲ್ಲೊಂದನ್ನು ಹಿಡಿದು ವಾರವಾರವೂ ನೋಡಿದೆ.

ಅಲ್ಲೊಂದು ವಾರ ನನ್ನ ಬೆರಳು ನಿಂತಿತು. ಜಲಾಶಯ ಇನ್ನೂ ಅರ್ಧ ದಾಟಿದೆ ಅಷ್ಟೇ, ಆದರೆ ಹೊಳೆ ಕೆಂಪಗೆ ಉಕ್ಕಿ ಬರುತ್ತಿದೆ. ಅಂಥ ಕಾಲದಲ್ಲಿ ಯಾರೂ ಕೈ ಬಿಗಿಹಿಡಿಯುವುದಿಲ್ಲ, ಹೇಗೂ ತುಂಬುತ್ತದೆ ಎಂದು ಪವರ್‌ಹೌಸಿಗೆ ಧಾರಾಳವಾಗಿ ಬಿಡುತ್ತಾರೆ. ಅವಳ ಮಾಡೆಲ್ ಆ ವಾರ ಪವರ್‌ಹೌಸಿನ ಗೇಟು ಮುಚ್ಚಿ ಕೂತಿತ್ತು. ಆ ವರ್ಷ ಅದರ ಮುಂದಿನ ವಾರವೇ ಮಳೆ ನಿಂತದ್ದು ನನಗೆ ನೆನಪಿದೆ. ಯಾರಿಗೂ ಗೊತ್ತಿರಲಿಲ್ಲ. ಹವಾಮಾನದವರು ಭರ್ಜರಿ ಮಳೆ ಎಂದೇ ಹೇಳಿದ್ದರು. ಹಾಗಾದರೆ ಇದಕ್ಕೆ ಹೇಗೆ ಗೊತ್ತಾಯಿತು?

ಹುಡುಕಿದೆ. ಅವಳ ಮಾಡೆಲ್ ನನ್ನದರಂತೆ ದಿನಕ್ಕೊಂದು ಹೆಜ್ಜೆ ಇಡುವುದಲ್ಲ. ಹವಾಮಾನದವರ ಮುನ್ಸೂಚನೆಯನ್ನು ತೆಗೆದುಕೊಂಡು, ಇಡೀ ಹಂಗಾಮನ್ನು ಕಣ್ಮುಂದೆ ಹರಡಿಕೊಂಡು, ಎಲ್ಲಿ ಹಿಡಿದರೆ ಎಲ್ಲಿ ಉಳಿಯುತ್ತದೆ ಎಂದು ಲೆಕ್ಕ ಹಾಕುವುದು. ಹಳೆಯ ವರ್ಷಗಳ ಮುನ್ಸೂಚನೆ ಕೈಗೆ ಬರುವುದು ತಡವಾದಾಗ ನಾವೆಲ್ಲ ಒಂದು ಕೆಲಸ ಮಾಡುತ್ತೇವೆ. ಸದ್ಯಕ್ಕಿರಲಿ ಎಂದು ಆ ಜಾಗದಲ್ಲಿ ನಿಜವಾಗಿ ಬಂದ ನೀರಿನ ಅಂಕಿಗಳನ್ನೇ ತುಂಬಿ ಮಾಡೆಲ್ ಓಡುತ್ತದೋ ಇಲ್ಲವೋ ನೋಡುತ್ತೇವೆ, ಮುನ್ಸೂಚನೆ ಬಂದ ಮೇಲೆ ತೆಗೆದುಹಾಕುತ್ತೇವೆ. ಅವಳೂ ತೆಗೆದಿದ್ದಳು. ಎಲ್ಲ ಕಡೆ ತೆಗೆದಿದ್ದಳು, ಒಂದು ಕಡೆ ಬಿಟ್ಟಿದ್ದಳು. ಜಲಾಶಯದ ಒಳಹರಿವು ಇನ್ನೂ ಆ ನಿಜದ ಅಂಕಿಗಳಿಂದಲೇ ಬರುತ್ತಿತ್ತು. ಮುಂದೆ ಏನಾಗಬಹುದು ಎಂಬ ಅಂದಾಜಿನ ಬದಲು ಮುಂದೆ ಏನಾಯಿತು ಎಂಬುದೇ ಅದರ ಕೈಯಲ್ಲಿತ್ತು. ಪ್ರಶ್ನೆಪತ್ರಿಕೆ ಮೊದಲೇ ನೋಡಿಕೊಂಡು ಪರೀಕ್ಷೆ ಬರೆದ ಹುಡುಗಿಯ ಹಾಗೆ ನೂರಕ್ಕೆ ನೂರು ತೆಗೆದಿತ್ತು.

ಆ ಒಂದು ಜಾಗದಲ್ಲಿ ಸರಿಯಾದ ಮುನ್ಸೂಚನೆ ಹಾಕಿ ನಾನೇ ಓಡಿಸಿ ನೋಡಿದೆ. ಬರದ ವರ್ಷಗಳೆಲ್ಲ ಕುಸಿದು ಬಿದ್ದವು. ಬೇಸಿಗೆಯ ಕೊನೆಗೆ ಊರಿನ ನಲ್ಲಿ ಒಣಗಿತು. ನನ್ನ ಮುದುಕಿ ತೋರಿಸುವ ಕೊರತೆ ಅದರ ಮುಂದೆ ಏನೂ ಅಲ್ಲ.

ಆ ಹೊತ್ತಿನಲ್ಲಿ ನನಗಾದ ಸಂತೋಷವನ್ನು ಹೇಗೆ ಹೇಳಲಿ? ಮದುವೆಯಲ್ಲೂ ಅಷ್ಟು ಆಗಿರಲಿಲ್ಲ. ಕಿಟಕಿ ತೆರೆದೆ, ಒಬ್ಬಳೇ ನಕ್ಕೆ. ಕ್ಯಾಂಟೀನಿಗೆ ಹೋಗಿ, ಯಾವತ್ತೂ ಕೊಳ್ಳದ ಕೇಕಿನ ತುಂಡು ಕೊಂಡು, ನಿಂತುಕೊಂಡೇ ತಿಂದೆ.

ಸಂಜೆ ಮನೆಗೆ ಬಂದಾಗ ಅವಳು ಲಿಫ್ಟಿನ ಹತ್ತಿರವೇ ಸಿಕ್ಕಳು. "ನೋಡಿದ್ರಾ ಅಕ್ಕ?"

ಇಲ್ಲಿ ಒಂದು ಮಾತು. ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು, "ಒಳಹರಿವು ಎಲ್ಲಿಂದ ಬರ್ತಿದೆ ನೋಡ್ಕೋ" ಎಂದು. ಅಲ್ಲೇ ಲಿಫ್ಟಿನಲ್ಲೇ ಅವಳಿಗೆ ತಿಳಿದುಹೋಗುತ್ತಿತ್ತು, ಹಣೆ ಚಚ್ಚಿಕೊಂಡು ನಗುತ್ತಿದ್ದಳು, ಸೋಮವಾರದೊಳಗೆ ಮಾಡೆಲನ್ನೇ ತಿದ್ದಿ ನಿಲ್ಲಿಸಿ ಚಪ್ಪಾಳೆ ಗಿಟ್ಟಿಸುತ್ತಿದ್ದಳು. 

"ಚೆನ್ನಾಗಿದೆ" ಎಂದೆ.

"ನಿಜವಾಗ್ಲೂ? ಎಲ್ಲಾ ಸರಿ ಇದೆಯಾ?"

"ಸರಿ ಇದೆ ಅಂದ್ನಲ್ಲ."

ಅವಳು ನನ್ನ ಕೈಯಲ್ಲಿದ್ದ ತರಕಾರಿ ಚೀಲ ಕಿತ್ತುಕೊಂಡು ತಾನೇ ಹೊತ್ತು ತಂದಳು.

ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಭೆಯಲ್ಲಿ ನಾನು ಕೇಳಿಯೇ ಕೇಳುತ್ತೇನೆ. ಸಹಿ ಬೀಳುವ ಮುಂಚೆ ತಪ್ಪು ಹೊರಗೆ ಬರುತ್ತದೆ. ಊರಿಗೆ ನೀರು ತಪ್ಪುವುದಿಲ್ಲ, ಅವಳಿಗೆ ಚಪ್ಪಾಳೆ ತಪ್ಪುತ್ತದೆ, ಅಷ್ಟೇ. ಎಲ್ಲರ ಮುಂದೆ ಒಂದು ಸಲ ಅವಳ ನೀರಿಳಿಯಲಿ, ನಾಲೆಯಮ್ಮ "ಮಗಳೇ" ಎನ್ನುವುದನ್ನು ಮರೆಯಲಿ, ಸಾಹೇಬರು ನನ್ನ ಕುರ್ಚಿಯ ಹಿಂದೆ ಬಂದು ನಿಲ್ಲಲಿ. ಪ್ರಶ್ನೆಯನ್ನು ಚೆನ್ನಾಗಿ ಅಭ್ಯಾಸ ಮಾಡಿದೆ. ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ನಿಂತಾಗ, ಕನ್ನಡಿಯ ಮುಂದೆ. ದನಿ ಮೆತ್ತಗಿರಬೇಕು. "ಒಂದು ಸಣ್ಣ ಅನುಮಾನ" ಎಂದು ಶುರುಮಾಡಬೇಕು. ಮುಖದಲ್ಲಿ ಸ್ವಲ್ಪ ಬೇಸರವೂ ಇರಬೇಕು, ಮನೆಯ ಹುಡುಗಿ ನೋಡಿ ಎನ್ನುವಂತೆ.

"ಏನು ಒಬ್ಳೇ ಮಾತಾಡ್ಕೋತಿದೀಯಾ?" ಎಂದು ಅತ್ತೆ ಕೇಳಿದರು.

"ಆಫೀಸಿನ ಕೆಲಸ" ಎಂದೆ. ಅತ್ತೆಗೆ ಅದನ್ನು ಅರ್ಥಮಾಡಿಸುವ ಗೋಜಿಗೆ ಹೋಗಲಿಲ್ಲ.

ಸೋಮವಾರ ಸಭೆ ಸೇರಿತು. ಉದ್ದನೆಯ ಮೇಜು, ಮೇಲೆ ತಿರುಗುವಾಗ ಕಿರುಗುಟ್ಟುವ ಫ್ಯಾನು, ಗೋಡೆಯ ಮೇಲೆ ಬಿಳಿ ಪರದೆ. ಈ ಕಡೆ ನಾಲೆಯಮ್ಮ, ಆ ಕಡೆ ಪವರ್‌ಹೌಸಿನ ಮ್ಯಾನೇಜರು, ನಡುವೆ ಊರಿನ ನೀರು ಸರಬರಾಜಿನ ಎಂಜಿನಿಯರು. ಈ ಎಂಜಿನಿಯರು ನಿವೃತ್ತಿಗೆ ಬಂದವರು, ಮಾತು ಕಡಿಮೆ. ನಾವು ಅವರನ್ನು ನಲ್ಲಿ ಸಾಹೇಬರು ಎನ್ನುತ್ತೇವೆ. ತಲೆಯಲ್ಲಿ ಸರಿಸರಿ ಸಾಹೇಬರು ಕೂತಿದ್ದರು.

ಮೊದಲು ನಾನು ಮುದುಕಿಯನ್ನು ಓಡಿಸಿದೆ. ಎಂದಿನಂತೆ ಆಕೆ ಕೊರತೆ ತೋರಿಸಿದಳು. ನಾಲೆಗೆ ಕೊನೆಯ ಎರಡು ಸರದಿ ತಪ್ಪುತ್ತದೆ, ಪವರ್‌ಹೌಸು ಬೇಸಿಗೆಯ ಅರ್ಧ ನಿಲ್ಲುತ್ತದೆ, ಊರಿಗೆ ದಿನ ಬಿಟ್ಟು ದಿನ ನೀರು. ನಾಲೆಯಮ್ಮ "ಇದೇ ಹಾಡು ಪ್ರತಿ ವರ್ಷ" ಎಂದು ಗೊಣಗಿದರು. ಮ್ಯಾನೇಜರು ಆಕಳಿಸಿದರು.

ಆಮೇಲೆ ಚಿಕ್ಕವಳು ಎದ್ದಳು. ಹಿಂದಿನ ಮೂವತ್ತು ವರ್ಷಗಳನ್ನು ಒಂದೊಂದಾಗಿ ಪರದೆಯ ಮೇಲೆ ಓಡಿಸಿದಳು. ಬರದ ವರ್ಷಗಳಲ್ಲೂ ನೀಲಿ ಹೊಳೆ ಹರಿಯಿತು, ನಾಲೆಗಳು ಹಸಿರಾದವು. ನಾಲೆಯಮ್ಮ ಕುರ್ಚಿ ಮುಂದೆಳೆದುಕೊಂಡರು. ಮ್ಯಾನೇಜರು ಕನ್ನಡಕ ಹಾಕಿಕೊಂಡರು. ಅವಳು ಎಷ್ಟು ಸಲೀಸಾಗಿ ಮಾತಾಡುತ್ತಿದ್ದಳೆಂದರೆ, ಕೈಕಾಲು ನಡುಗುತ್ತಿದೆ ಎಂದವಳು ಇವಳೇನಾ ಎಂದು ನಾನು ಹಲ್ಲು ಕಚ್ಚಿದೆ. ನನ್ನ ಪ್ರಶ್ನೆ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಅವಳು ಮುಗಿಸಲಿ ಎಂದು ಕಾದೆ.

ಮುಗಿಸುವಾಗ ಅವಳು ನನ್ನ ಕಡೆ ತಿರುಗಿದಳು. "ಇದನ್ನ ಬರೆದಿದ್ದು ನಾನು, ನಿಜ. ಆದ್ರೆ ನಮ್ಮಕ್ಕ ಕೂತು ನೋಡಿ, ಎಲ್ಲಾ ಸರಿ ಇದೆ ಅಂದ್ಮೇಲೇ ಇಲ್ಲಿಗೆ ತಂದಿದ್ದು. ಅವ್ರದ್ದೇ ಮಾಡೆಲ್ ಎದುರಿಗಿದ್ರೂ ನಂದನ್ನ ನೋಡಿಕೊಟ್ಟಿದ್ದಾರೆ. ಬೇರೆ ಯಾರಾದ್ರೂ ಮಾಡ್ತಿದ್ರಾ?"

ಎಲ್ಲರೂ ಚಪ್ಪಾಳೆ ತಟ್ಟಿದರು, ಅವಳಿಗಲ್ಲ, ನನಗೆ. ಜೀವನದಲ್ಲಿ ಆ ಮೇಜಿನ ಸುತ್ತ ನನಗೆ ಬಿದ್ದ ಮೊದಲ ಚಪ್ಪಾಳೆ ಅದು.  ಈಗ ಕೇಳಿದರೆ, ನೋಡಿ ಸರಿಯಿದೆ ಎಂದವಳು ನೀನೇ ಅಲ್ಲವೇ ಎನ್ನುತ್ತಾರೆ. ಒಂದೋ ನಾನು ಕಣ್ಣಿದ್ದೂ ಕುರುಡಿ, ಇಲ್ಲವೇ ಗೊತ್ತಿದ್ದೂ ಮುಚ್ಚಿಟ್ಟವಳು. ಕೇಳದಿದ್ದರೆ ಸಹಿ ಬೀಳುತ್ತದೆ. ನಾನು ತೋಡಿದ ಗುಂಡಿಯ ಅಳತೆ ನನ್ನದೇ ಆಗಿತ್ತು.

"ಸರಿ ಸರಿ" ಎಂದರು ನಿರ್ದೇಶಕರು. "ಹಾಗಾದ್ರೆ ಎಲ್ರಿಗೂ ಚಿಕ್ಕ ಮೇಡಂ ಮಾಡೆಲ್ ಒಪ್ಪಿಗೆ ತಾನೆ? ಸಹಿ ಹಾಕ್ಬಿಡಿ."

ಕಾಗದ ಮೇಜಿನ ಮೇಲೆ ಹೊರಟಿತು. ನಾಲೆಯಮ್ಮ ದಪ್ಪ ಅಕ್ಷರದಲ್ಲಿ ಸಹಿ ಹಾಕಿದರು. ಮ್ಯಾನೇಜರು ಗೀಚಿದರು. ನಲ್ಲಿ ಸಾಹೇಬರ ಮುಂದೆ ಬಂದು ನಿಂತಿತು. ಅವರು ಪೆನ್ನಿನ ಮುಚ್ಚಳ ತೆಗೆದು, ನನ್ನ ಕಡೆ ನೋಡಿ, "ನಂಗೆ ಈ ಬಣ್ಣ ಗಿಣ್ಣ ಅರ್ಥ ಆಗಲ್ಲ ಮೇಡಂ. ನೀವು ನೋಡಿದೀರಲ್ಲ, ಅಷ್ಟು ಸಾಕು" ಎಂದರು.

ನಾನು ಸುಮ್ಮನಿರಬಹುದಿತ್ತು.  ಆದರೆ ಬೇಸಿಗೆಯ ಕೊನೆಯಲ್ಲಿ ಒಣಗಿದ ಆ ನಲ್ಲಿ ನನ್ನದೇ ಪರದೆಯ ಮೇಲೆ ಕಂಡದ್ದು. ನಲ್ಲಿ ಸಾಹೇಬರು ನನ್ನ ಮಾತಿನ ಮೇಲೆ ಊರಿಗೆ ಊರನ್ನೇ ಬಾಯಾರಿಸಲು ಹೊರಟಿದ್ದರು.

"ತಡೀರಿ" ಎಂದೆ. ಅಭ್ಯಾಸ ಮಾಡಿದ ಮೆತ್ತಗಿನ ದನಿ ಎಲ್ಲಿ ಹೋಯಿತೋ, ಗಂಟಲಿನಿಂದ ಕೀರಲು ಸ್ವರ ಬಂತು. "ಆ ದೊಡ್ಡ ಬರದ ವರ್ಷ ಮತ್ತೆ ತೆಗಿ. ಹೊಳೆ ಉಕ್ಕಿ ಬರೋವಾಗ ಪವರ್‌ಹೌಸಿನ ಗೇಟು ಮುಚ್ಚಿದೆ. ಅದಕ್ಕೆ ಮಳೆ ನಿಲ್ಲುತ್ತೆ ಅಂತ ಹೇಗೆ ಗೊತ್ತಾಯ್ತು?"

ಚಿಕ್ಕವಳು ಪರದೆ ನೋಡಿದಳು. ಆ ವರ್ಷ ತೆಗೆದಳು, ಆ ವಾರಕ್ಕೆ ಬಂದಳು. ಅವಳ ತುಟಿ ಸ್ವಲ್ಪ ಅಲ್ಲಾಡಿತು. ನಾನು ಒಂದು ದಿನವಿಡೀ ಹುಡುಕಿದ್ದನ್ನು ಅವಳು ನಿಂತ ಹೆಜ್ಜೆಯಲ್ಲೇ ಹಿಡಿದಳು. ಆ ಗಳಿಗೆಯಲ್ಲೂ ನನಗೆ ಅದಕ್ಕೂ ಹೊಟ್ಟೆಕಿಚ್ಚಾಯಿತು, ಎಂಥ ಹೆಂಗಸು ನಾನು!

"ಅಯ್ಯೋ" ಎಂದಳು. "ಒಳಹರಿವು. ನಿಜದ್ದನ್ನ ತೆಗೆದೇ ಇಲ್ಲ."

ಅವಳೇ ಎಲ್ಲರಿಗೂ ಬಿಡಿಸಿ ಹೇಳಿದಳು. ಮಾಡೆಲ್ ಮುಂದಿನದ್ದನ್ನು ನೋಡಿಕೊಂಡು ಆಡಿದೆ, ಇದನ್ನು ನಂಬಬೇಡಿ ಎಂದಳು. ಕಿವಿಗಳು ಕೆಂಪಾಗಿದ್ದವು, ಮಾತು ಮಾತ್ರ ನೆಟ್ಟಗಿತ್ತು. ನಾಲೆಯಮ್ಮ ತಮ್ಮ ಸಹಿಯನ್ನೇ ದಿಟ್ಟಿಸಿದರು. ನಲ್ಲಿ ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು.

ಸರಿಸರಿ ಸಾಹೇಬರು ಮೊದಲ ಸಲ ಬೇರೆ ಮಾತಾಡಿದರು. "ಮೇಡಂ, ನೀವು ನೋಡಿ ಸರಿ ಇದೆ ಅಂದಿದ್ರಂತಲ್ಲ? ಈಗ ಹೇಗೆ?"

ಇಡೀ ಮೇಜು ನನ್ನ ಕಡೆ ತಿರುಗಿತು. ನಾನು ಬಾಯಿ ತೆರೆದೆ. ಏನು ಬರುತ್ತಿತ್ತೋ ದೇವರಿಗೇ ಗೊತ್ತು.

"ಅಕ್ಕ ಇದನ್ನ ಹೇಳಿದ್ರು ಸರ್" ಎಂದಳು ಚಿಕ್ಕವಳು. "ಗುರುತು ಹಾಕಿ ಹೇಳಿದ್ರು. ನಾನೇ ಮರೆತುಬಿಟ್ಟೆ. ತಪ್ಪು ನಂದು."

ಸಹಿ ಹಾಕಿದ ಕಾಗದ ಹರಿದು ಬುಟ್ಟಿ ಸೇರಿತು. ಈ ಬೇಸಿಗೆಗೆ ಮುದುಕಿಯೇ ಇರಲಿ ಎಂದಾಯಿತು. ನಾಲೆಯಮ್ಮ ಹೋಗುವಾಗ ನನ್ನ ಭುಜ ತಟ್ಟಿ, "ನೀವಿಲ್ದಿದ್ರೆ ಮುಳುಗ್ತಿದ್ವಿ ಮೇಡಂ" ಎಂದರು. ಸರಿಸರಿ ಸಾಹೇಬರು ನನ್ನ ಕುರ್ಚಿಯ ಹಿಂದೆಯೇ ಬಂದು ನಿಂತು ಹೊಗಳಿದರು. ನಾನು ಕೇಳಿಕೊಂಡದ್ದೆಲ್ಲ ಒಂದೊಂದಾಗಿ ಬಂದು ಬಿತ್ತು, ಒಂದೂ ಗಂಟಲಿನಲ್ಲಿ ಇಳಿಯಲಿಲ್ಲ. ಅವಳು ಸೋಲಲಿ ಎಂದು ಬಯಸಿದ್ದೆ. ಸೋತಳು. ಸೋಲುವುದರಲ್ಲೂ ನನಗಿಂತ ಮೇಲಾಗಿಬಿಟ್ಟಳಲ್ಲ ಎಂದು ಮೈ ಉರಿಯಿತು.

ಆಮೇಲೆ ಕೈತೊಳೆಯುವ ಕೋಣೆಯಲ್ಲಿ ಅವಳು ಸಿಕ್ಕಳು. ನಲ್ಲಿ ತಿರುಗಿಸಿ ಮುಖಕ್ಕೆ ನೀರು ಎರಚಿಕೊಳ್ಳುತ್ತಿದ್ದಳು. ಅತ್ತಿದ್ದಳೋ ಏನೋ, ನೀರಿನಲ್ಲಿ ಗೊತ್ತಾಗಲಿಲ್ಲ. ನನ್ನನ್ನು ನೋಡಿ, "ಸಾರಿ ಅಕ್ಕ" ಎಂದಳು. ಅವಳು, ನನಗೆ!

"ಯಾಕೆ ಹಾಗಂದೆ ಅಲ್ಲಿ? ನಾನೆಲ್ಲಿ ಹೇಳಿದ್ದೆ ನಿಂಗೆ?"

"ಇ‌ನ್ನೇನ್ ಹೇಳ್ಬೇಕಿತ್ತು? ನೀವು ತೆರೆದೇ ನೋಡಿರ್ಲಿಲ್ಲ ಅಂತ ಆಗ್ಲೇ ಗೊತ್ತಾಯ್ತು ನಂಗೆ. ಮನೆ, ಅತ್ತೆ, ನಿಮ್ಮದೇ ಮಾಡೆಲ್ ಕೆಲಸ, ಟೈಮಾದ್ರೂ ಎಲ್ಲಿತ್ತು ನಿಮಗೆ? ನಾನೇ ತಂದು ತಲೆ ಮೇಲೆ ಹಾಕಿದೆ. ನನ್ನ ಮನಸ್ಸಿಗೆ ನೋವಾಗ್ಬಾರ್ದು ಅಂತ ಚೆನ್ನಾಗಿದೆ ಅಂದ್ಬಿಟ್ರಿ. ಎಲ್ರ ಮುಂದೆ ನೋಡಿರ್ಲಿಲ್ಲ ಅನ್ನೋಕಾಗುತ್ತಾ ನೀವು?" ಮುಖ ಒರೆಸಿಕೊಂಡು ಮೆಚ್ಚುಗೆಯಿಂದ ನನ್ನನ್ನು ನೋಡಿದಳು. "ಆದ್ರೂ ಅಲ್ಲೇ ಪರದೆ ಮೇಲೆ ಒಂದೇ ಸಲ ನೋಡಿ ಹಿಡಿದ್ರಲ್ಲ! ಅದು ನೀವೇ ಆಗ್ಬೇಕು."

ಬಾಗಿಲು ತೆರೆದೇ ಇತ್ತು, ನಾನು ಸುಮ್ಮನೆ ನಡೆದುಹೋಗಬಹುದಿತ್ತು. ಅವಳು ಕೊಟ್ಟ ಮರ್ಯಾದೆಯನ್ನು ಉಟ್ಟುಕೊಂಡು ಬೇಸಿಗೆಯಿಡೀ ಓಡಾಡಬಹುದಿತ್ತು. ಆದರೆ ನನ್ನ ತಲೆಗೆ ರಕ್ತ ಏರಿತು. ಓದಿಲ್ಲವಂತೆ ನಾನು! ತೆರೆದೂ ನೋಡದೆ ಸರಿಯಿದೆ ಎನ್ನುವವಳಂತೆ! ಹದಿನೈದು ವರ್ಷ ಒಂದು ಚುಕ್ಕಿ ತಪ್ಪದಂತೆ ಓದಿದ ನನ್ನ ಕಣ್ಣಿಗೆ ಟೈಮಿರಲಿಲ್ಲವಂತೆ. ತನ್ನ ಚುರುಕನ್ನು ನನಗೆ ಭಿಕ್ಷೆ ಹಾಕುತ್ತಿದ್ದಾಳೆ ಅನ್ನಿಸಿತು. ಬೇರೆ ಏನಾದರೂ ಸಹಿಸಿಯೇನು, ಅದನ್ನು ಸಹಿಸಲಿಲ್ಲ.

"ನೋಡಿದ್ದೆ" ಎಂದೆ.

"ಏನು?"

"ಸಾಲು ಸಾಲಾಗಿ ನೋಡಿದ್ದೆ. ಅವತ್ತೇ ಸಿಕ್ಕಿತ್ತು. ಸರಿಯಾದ ಮುನ್ಸೂಚನೆ ಹಾಕಿ ಓಡಿಸಿಯೂ ನೋಡಿದ್ದೆ. ಊರಿಗೆ ನೀರು ನಿಲ್ಲುತ್ತೆ ಅಂತಾನೂ ಗೊತ್ತಿತ್ತು."

ಅವಳು ಕರವಸ್ತ್ರ ಹಿಡಿದುಕೊಂಡೇ ನಿಂತಳು. "ಮತ್ತೆ ಲಿಫ್ಟಲ್ಲಿ ಕೇಳಿದ್ನಲ್ಲ..."

"ಹೊಟ್ಟೆಕಿಚ್ಚು ಕಣೇ."

"ನನ್ನ ಮೇಲಾ?" ಎಂದಳು. "ನಿಮಗಾ?"

ನಾನು ತಲೆಯಾಡಿಸಿದೆ. ಅವಳು ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ನನ್ನ ಹತ್ತಿರವೂ ಉತ್ತರಗಳಿದ್ದವು, ಸಾಹೇಬರ ಮಾತು, ಅತ್ತೆಯ ಮಾತು, ನಾಲೆಯಮ್ಮನ "ಮಗಳೇ", ಎಲ್ಲ ಜೋಡಿಸಿಟ್ಟುಕೊಂಡಿದ್ದೆ. ಅವಳು ಬೈಯಲಿಲ್ಲ. ನೆಲ ನೋಡಿದಳು. ಲೆಕ್ಕವೊಂದು ಎಲ್ಲಿ ತಪ್ಪಿತು ಎಂದು ಹುಡುಕುವಾಗ ಅವಳ ಹಣೆಯಲ್ಲಿ ಬರುವ ಗೆರೆ ಬಂದಿತ್ತು. ಆಮೇಲೆ ತಲೆಯೆತ್ತಿ, "ಹಾಗಾದ್ರೆ ಇನ್ಮೇಲೆ ನಾನು ಬರೆದಿದ್ದನ್ನ ಯಾರಿಗೆ ತೋರಿಸ್ಲಿ?" ಎಂದು ಕೇಳಿದಳು.

ಚುಚ್ಚಬೇಕೆಂದು ಕೇಳಿದ್ದಲ್ಲ. ನಿಜವಾಗಿಯೂ ತಿಳಿಯದೆ ಕೇಳಿದಳು. ಆ ಕಟ್ಟಡದಲ್ಲಿ ಅಂಥ ಸಾಲುಗಳನ್ನು ಓದಬಲ್ಲವರು ನಾವಿಬ್ಬರೇ. ಬಸಿನೀರಿನ ಆ ಲೆಕ್ಕ ಎಷ್ಟು ಚಂದವಾಗಿದೆ ಎಂದು ಅವಳಿಗೆ ಹೇಳಬಲ್ಲವಳು ನಾನೊಬ್ಬಳೇ ಇದ್ದೆ, ಹೇಳಿರಲಿಲ್ಲ. ಮುದುಕಿಯ ತಪ್ಪುಗಳನ್ನು ಹಿಡಿದುಕೊಡಬಲ್ಲವಳು ಅವಳೊಬ್ಬಳೇ ಇದ್ದಳು, ನಾನು ಯಾವತ್ತೂ ತೋರಿಸಿರಲಿಲ್ಲ. "ನನಗೇ ತೋರಿಸು" ಎಂಬ ಮಾತು ಬಾಯಿಯವರೆಗೆ ಬಂತು, ಹಾಗೆನ್ನುವ ಮುಖ ನನಗಿರಲಿಲ್ಲ.  ಅವಳು ನಲ್ಲಿ ನಿಲ್ಲಿಸಿ, ನನಗೆ ತಾಗದಂತೆ ಪಕ್ಕಕ್ಕೆ ಸರಿದು, ಹೊರಗೆ ಹೋದಳು.